ಸರೋವರದ ಲಾಭವನ್ನು ನಾನು ಲೆಕ್ಕ ಹಾಕಿದ್ದು ಫಿಲ್ಟರ್‌ನಿಂದ

ನಾನಿರುವುದು ಕುಡಿಯುವ ನೀರು ಶುದ್ಧ ಮಾಡುವ ಘಟಕದಲ್ಲಿ. ನಮಗೆ ನೀರು ಬರುವುದು ಒಂದು ದೊಡ್ಡ ಸಿಹಿನೀರಿನ ಸರೋವರದಿಂದ. ಅದಕ್ಕೆ ಕೊಳಚೆ ಸೇರದಂತೆ ತಡೆಯುವ ಕೆಲಸ ಶುರುವಾದಾಗ, ಇಷ್ಟು ದುಡ್ಡು ಹಾಕಿದರೆ ಬರುವುದೆಷ್ಟು ಅಂತ ಎಲ್ಲರೂ ಕೇಳಿದರು. ಲೆಕ್ಕ ಇಡುವ ಕೆಲಸ ನನ್ನ ಪಾಲಿಗೆ ಬಂತು.

ಪ್ರವಾಸಿಗರು, ದೋಣಿ, ಮೀನು ಅಂತ ಹೊರಡುವುದು ರೂಢಿ. ನಾನು ಫಿಲ್ಟರ್‌ನಿಂದ ಶುರು ಮಾಡಿದೆ. ಪಾಚಿ ಜಾಸ್ತಿಯಾದ ದಿನ ಫಿಲ್ಟರ್‌ನ ಮರಳಿನ ಮೇಲೆ ಹಸಿರು ಲೋಳೆ ಚಾಪೆ ಹಾಸಿದ ಹಾಗೆ ಕೂತುಬಿಡುತ್ತದೆ, ನೀರು ಕೆಳಗಿಳಿಯುವುದೇ ಇಲ್ಲ, ಆಗ ಅಡಿಯಿಂದ ನೀರು ನುಗ್ಗಿಸಿ ಮತ್ತೆ ಮತ್ತೆ ತೊಳೆಯಬೇಕು, ಅದಕ್ಕೂ ಶುದ್ಧ ಮಾಡಿದ ನೀರೇ ಆಗಬೇಕು. ಪಂಪಿನ ಕರೆಂಟು, ಕೊಳೆ ತಳಕ್ಕಿಳಿಸುವ ಆಲಂ (ಪಟಿಕ) ಹೆಚ್ಚುವರಿಯಾಗಿ, ವಾಸನೆಗೆ ಇದ್ದಿಲ ಪುಡಿ, ಎಲ್ಲವನ್ನೂ ದಿನಾ ಬರೆದಿಟ್ಟೆ. ಪಕ್ಕದಲ್ಲೇ ಸರೋವರದ ನೀರು ಎಷ್ಟು ತಿಳಿಯಾಗಿದೆ ಅಂತ ಹೇಳುವ ಇನ್ನೊಂದು ಅಂಕಿ. 20 ಸೆಂಟಿಮೀಟರ್ ಅಗಲದ ಕಪ್ಪು-ಬಿಳಿ ಸೆಕ್ಕಿ ತಟ್ಟೆಯನ್ನು ಹಗ್ಗದಲ್ಲಿ ಇಳಿಬಿಟ್ಟರೆ ಅದು ಎಷ್ಟು ಆಳದಲ್ಲಿ ಕಣ್ಣಿಗೆ ಮರೆಯಾಗುತ್ತದೆ ಅನ್ನುವುದು. ಕೆಲಸ ಶುರುವಾಗುವ ಮೊದಲೇ ಈ ಅಂಕಿಗಳು ಕೈಯಲ್ಲಿರಬೇಕು. ಇಲ್ಲದಿದ್ದರೆ ಆಮೇಲೆ ಯಾವುದರ ಜೊತೆ ಹೋಲಿಸುತ್ತೀರಿ, ಅಲ್ವಾ?

ಮೊದಮೊದಲು ಏನೂ ಬದಲಾಗಲಿಲ್ಲ. ತುಂಬಾ ಬೇಜಾರಾಯಿತು. ಕೊಳಚೆಯ ಜೊತೆ ಬಂದು ಪಾಚಿಗೆ ಗೊಬ್ಬರವಾಗುವ ರಂಜಕ (ಫಾಸ್ಫರಸ್) ಹೊರಗಿನಿಂದ ಬರುವುದು ನಿಂತರೂ ತಳದ ಹೂಳಿನಲ್ಲಿ ಸೇರಿಕೊಂಡದ್ದು ವರ್ಷಗಟ್ಟಲೆ ನೀರಿಗೆ ಬಿಡುತ್ತಲೇ ಇರುತ್ತದೆ, ಪಾಚಿಗೆ ಅಷ್ಟೇ ಸಾಕು. ಆಮೇಲಾಮೇಲೆ ತಟ್ಟೆ ಇನ್ನಷ್ಟು ಆಳದವರೆಗೆ ಕಾಣತೊಡಗಿತು. ಅಂಥ ವಾರಗಳಲ್ಲಿ ಫಿಲ್ಟರ್ ತೊಳೆಯುವ ಸರದಿಯೂ ಕಡಿಮೆಯಾಯಿತು. ಅಮೆರಿಕದ ಮಹಾಸರೋವರಗಳ ಬಗ್ಗೆ 2018ರಲ್ಲಿ ಬಂದ ಅಧ್ಯಯನವೂ ಹೀಗೇ ದೂರದವರೆಗೆ ನೋಡಿತ್ತು. ಆ ಸರೋವರಗಳನ್ನು ಸರಿಪಡಿಸಲು 2010ರಿಂದ 2016ರವರೆಗೆ ಹಾಕಿದ ಒಂದೊಂದು ಡಾಲರಿಗೂ 3.35 ಡಾಲರಿನ ವಹಿವಾಟು ಅಂತ ಅದು ಹೇಳಿತು, ಆದರೆ 2036ರವರೆಗೆ ಲೆಕ್ಕ ಹಿಡಿದು.

ನಾನೊಂದು ತಪ್ಪು ಮಾಡಿದೆ. ದಡದ ಮನೆಗಳ ಬೆಲೆ ಏರಿದ್ದನ್ನೂ, ಆ ಮನೆಯವರಿಗೆ ಸಿಕ್ಕ ಈಜು, ನೋಟದ ಬೆಲೆಯನ್ನೂ ಕೂಡಿಸಿಬಿಟ್ಟೆ. ನೋಟ ಚೆನ್ನಾಗಾಯಿತು ಅಂತಲೇ ಮನೆಯ ಬೆಲೆ ಏರಿದ್ದು. ಒಂದೇ ಲಾಭ ಎರಡು ಸಲ ಬಂದಿತ್ತು. ಹೊಡೆದುಹಾಕಿದೆ, ಮೊತ್ತ ಇಳಿಯಿತು.

ನಾನು ಕೊನೆಗೆ ಬರೆದ ಸಾಲು ಕಷ್ಟದ್ದು. 2014ರ ಆಗಸ್ಟ್‌ನಲ್ಲಿ ಆ ಮಹಾಸರೋವರಗಳಲ್ಲೊಂದಾದ ಈರಿಯ ಪಾಚಿಯ ವಿಷ ನಲ್ಲಿಗೇ ಬಂದು, ಅಮೆರಿಕದ ಟೊಲೆಡೊ ನಗರದ ಸುತ್ತಮುತ್ತ ಸುಮಾರು 4 ಲಕ್ಷ ಜನ ಆ ನೀರು ಕುಡಿಯುವಂತಿರಲಿಲ್ಲ. ಕುದಿಸಿದರೂ ಆ ವಿಷ ಹೋಗುವುದಿಲ್ಲ. ನಮ್ಮಲ್ಲಿ ಅಂಥ ದಿನ ಬರದೇ ಇದ್ದದ್ದಕ್ಕೆ ಬೆಲೆ ಕಟ್ಟಲು ನನಗೆ ಆಗಲಿಲ್ಲ. ಮೊತ್ತಕ್ಕೆ ಸೇರಿಸದೆ, ಎಲ್ಲಕ್ಕಿಂತ ಮೇಲೆ, ಬೇರೆಯೇ ಸಾಲಾಗಿ ಬರೆದೆ.