ತುಕ್ಕಿನ ಫೋಟೋ ಮೊದಲು ಹಾಕಿ: ಹಳೆ ಸಾಮಾನು ಮಾರಿ, ಕೊಂಡ ನನ್ನ ಅನುಭವ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಬದಲಿಸುತ್ತಲೇ ಇರುವವರಿಗೆ ಈ ವ್ಯಾಪಾರ ತಾನಾಗಿಯೇ ಬಂದು ಅಂಟಿಕೊಳ್ಳುತ್ತದೆ. ಲಿಫ್ಟ್ ಇಲ್ಲದ ಮೂರನೇ ಮಹಡಿಗೆ ಡಬಲ್ ಕಾಟ್ ಹೊರಿಸುವ ಬದಲು, ಅದನ್ನು ಇಲ್ಲೇ ಮಾರಿ ಹೊಸ ಮನೆಯ ಹತ್ತಿರ ಇನ್ನೊಂದನ್ನು ಕೊಳ್ಳುವುದೇ ಎಷ್ಟೋ ಸಲ ಅಗ್ಗ. ಓಎಲ್‌ಎಕ್ಸ್‌ನಲ್ಲೂ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲೂ ನಾನು ಮಂಚ, ಬೀರು, ಫ್ರಿಜ್, ವಾಷಿಂಗ್ ಮೆಷಿನ್ ಎಲ್ಲ ಮಾರಿದ್ದೇನೆ, ಕೊಂಡಿದ್ದೇನೆ. ಮಾರುವವರಿಗೆ ನಾನು ಹೇಳುವುದು ಒಂದೇ ಮಾತು: ಸಾಮಾನಿನಲ್ಲಿ ಏನು ಊನವಿದೆಯೋ ಅದನ್ನು ಜಾಹೀರಾತಿನಲ್ಲೇ ಬರೆದುಬಿಡಿ.

ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ ಮಾರುವಾಗ ಹಾಗೆಯೇ ಮಾಡಿದೆ. ಎಡಮಗ್ಗುಲಿನ ಕೆಳಗೆ ಹಿಡಿದಿದ್ದ ತುಕ್ಕು, ಸೋಪಿನ ಪುಡಿ ಹಾಕುವ ಟ್ರೇಯ ಮುರಿದ ಹಿಡಿ, ಬಾಗಿಲಿನ ರಬ್ಬರ್ ಮಡಿಕೆಯ ಒಳಭಾಗ, ಎಲ್ಲವನ್ನೂ ಹಗಲು ಬೆಳಕಿನಲ್ಲಿ ಹತ್ತಿರದಿಂದ ಫೋಟೋ ತೆಗೆದು ಹಾಕಿದೆ. ಜೊತೆಗೆ ಟ್ರಾನ್ಸಿಟ್ ಬೋಲ್ಟುಗಳ ಫೋಟೋ. ಹೊಸ ಮೆಷಿನ್ ಬರುವಾಗ ಡ್ರಮ್ ಅಲುಗಾಡದಂತೆ ಹಿಂಬದಿಯಿಂದ ಬಿಗಿದಿರುವ ಉದ್ದನೆಯ ಬೋಲ್ಟುಗಳವು. ಫಿಟ್ ಮಾಡುವವರು ಬಿಚ್ಚಿ ಕೈಗೆ ಕೊಟ್ಟು ಹೋಗುತ್ತಾರೆ, ಹೆಚ್ಚಿನ ಮನೆಗಳಲ್ಲಿ ಆಮೇಲೆ ಅವು ಕಾಣುವುದೇ ಇಲ್ಲ. ಅವಿಲ್ಲದೆ ಟೆಂಪೋದಲ್ಲಿ ಸಾಗಿಸಿದರೆ ಡ್ರಮ್ ಕುಲುಕಿ ಒಳಗಿನ ಸ್ಪ್ರಿಂಗ್, ಅಲುಗಾಟ ತಗ್ಗಿಸುವ ಡ್ಯಾಂಪರ್ ಹಾಳಾಗಬಹುದು. ನಾನು ಅವನ್ನು ಬಿಲ್ಲಿನ ಜೊತೆ ಒಂದು ಕವರಿನಲ್ಲಿ ಕಟ್ಟಿಟ್ಟಿದ್ದೆ. ನೋಡಲು ಬಂದ ದಂಪತಿಯಲ್ಲಿ ಆಕೆ ಟ್ರೇ ಎಳೆದು ನೋಡಿ, "ಇಷ್ಟೇನಾ ಸರ್, ನಾನು ಇನ್ನೂ ಜಾಸ್ತಿ ಮುರಿದಿದೆ ಅಂದ್ಕೊಂಡಿದ್ದೆ" ಅಂದರು. ಊನ ಮೊದಲೇ ಗೊತ್ತಿದ್ದವರು ಅದನ್ನು ಕಳೆದೇ ರೇಟು ಲೆಕ್ಕ ಹಾಕಿಕೊಂಡು ಬಂದಿರುತ್ತಾರೆ. ಬಾಗಿಲಲ್ಲಿ ನಿಂತು ಅದೇ ನೆಪದಲ್ಲಿ ಚೌಕಾಸಿ ಮಾಡುವುದಿಲ್ಲ. ಮೆಷಿನ್ ಸ್ಪಿನ್‌ಗೆ ಹಾಕಿ ತೋರಿಸಿದೆ, ದುಡ್ಡು ಎಣಿಸಿದರು, ಅಷ್ಟೇ.

"ಲಾಸ್ಟ್ ಎಷ್ಟು?" ಎಂಬ ಒಂದೇ ಮೆಸೇಜು ದಿನಕ್ಕೆ ಬೇಕಾದಷ್ಟು ಬರುತ್ತದೆ. ನೋಡದವರಿಗೆ ಕೊನೆಯ ರೇಟು ಹೇಳುವುದಿಲ್ಲ ಎಂದು ನಾನು ನಿಯಮ ಮಾಡಿಕೊಂಡಿದ್ದೇನೆ. ಅದೇ ಮಾಡೆಲ್ ಹೊಸದಕ್ಕೆ ಇವತ್ತು ಎಷ್ಟಿದೆ ಎಂದು ನೋಡಿ, ಎರಡು ಮೂರು ವರ್ಷದ್ದಾದರೆ ಅರ್ಧದ ಆಸುಪಾಸು ಹಾಕುತ್ತೇನೆ. ಕಬ್ಬಿಣದ ಬೀರುವಿಗೆ ಇದಕ್ಕಿಂತ ಒಳ್ಳೆ ಬೆಲೆ ಸಿಗುತ್ತದೆ, ಪಾರ್ಟಿಕಲ್ ಬೋರ್ಡಿನ ವಾರ್ಡ್‌ರೋಬಿಗೆ ಏನೂ ಸಿಗುವುದಿಲ್ಲ.

ಸಾಮಾನನ್ನೇ ನೋಡದೆ, ಚೌಕಾಸಿಯೂ ಮಾಡದೆ ಕೇಳಿದ ಬೆಲೆಗೆ ಒಪ್ಪಿಕೊಳ್ಳುವವರ ಬಗ್ಗೆ ಹುಷಾರಾಗಿರಬೇಕು. ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ, ನನ್ನ ಹುಡುಗ ಬಂದು ಒಯ್ಯುತ್ತಾನೆ ಎನ್ನುತ್ತಾರೆ, ಗುರುತಿನ ಚೀಟಿಯ ಫೋಟೋವನ್ನೂ ಕಳಿಸುತ್ತಾರೆ. ಮುಂದಿನದು ಕ್ಯೂಆರ್ ಕೋಡ್: "ಇದನ್ನು ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ನಿಮ್ಮ ಅಕೌಂಟಿಗೆ ಬರುತ್ತೆ." ಯುಪಿಐನಲ್ಲಿ ದುಡ್ಡು ಪಡೆಯಲು ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಪಿನ್ ಒತ್ತಿದರೆ ನಮ್ಮ ದುಡ್ಡೇ ಹೋಗುತ್ತದೆ. ಮನೆಯಲ್ಲಿ ಅಮ್ಮನೋ ಅತ್ತೆಯೋ ಜಾಹೀರಾತು ಹಾಕುವವರಿದ್ದರೆ ಇದೊಂದನ್ನು ಪಕ್ಕದಲ್ಲಿ ಕೂತು ತಿಳಿಸಿಕೊಡಿ. ಯಾರಾದರೂ ಸಿಕ್ಕಿಬಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ನಡುವೆ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಕೊಳ್ಳುವುದಕ್ಕೆ ತಿಂಗಳ ಕೊನೆಯ ವಾರ ಒಳ್ಳೆಯದು. ಮನೆ ಖಾಲಿ ಮಾಡುವ ತಾರೀಕು ಹತ್ತಿರ ಬಂದವರು ಬೆಲೆಗೆ ಹಟ ಹಿಡಿಯುವುದಿಲ್ಲ. ಫ್ರಿಜ್ ನೋಡಲು ಹೊರಡುವ ಮೊದಲು ನಾನು ಫೋನ್ ಮಾಡಿ ಹೇಳುತ್ತೇನೆ: "ಆಫ್ ಮಾಡಬೇಡಿ, ನಿನ್ನೆಯಿಂದ ಹೇಗೆ ಓಡ್ತಿದೆಯೋ ಹಾಗೇ ಇರಲಿ, ಐಸ್ ಟ್ರೇಯಲ್ಲಿ ನೀರು ತುಂಬಿಡಿ." ಹೋದ ಕೂಡಲೇ ಐಸ್ ಗಟ್ಟಿಯಾಗಿದೆಯಾ ನೋಡುತ್ತೇನೆ. ಬಾಗಿಲಿಗೆ ಒಂದು ಹಾಳೆ ಸಿಕ್ಕಿಸಿ ಎಳೆಯುತ್ತೇನೆ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಗ್ಯಾಸ್ಕೆಟ್, ಅಂದರೆ ಬಾಗಿಲಂಚಿನ ರಬ್ಬರ್ ಪಟ್ಟಿ, ಸಡಿಲವಾಗಿದೆ ಎಂದರ್ಥ. ನಾಲ್ಕೂ ಕಡೆ ಹೀಗೆ ನೋಡಬೇಕು. ಕಂಪ್ರೆಸರ್ ಶುರುವಾಗಿ ಟಕ್ಕೆಂದು ನಿಂತು, ಮತ್ತೆ ಶುರುವಾಗಿ ಮತ್ತೆ ನಿಲ್ಲುತ್ತಿದ್ದರೆ ಬಿಟ್ಟು ಬರುತ್ತೇನೆ. ಮಗ್ಗುಲು ಬೆಚ್ಚಗಿದ್ದರೆ ಹೆದರಬೇಕಿಲ್ಲ, ಈಗಿನ ಎಷ್ಟೋ ಫ್ರಿಜ್‌ಗಳಲ್ಲಿ ಶಾಖ ಹೊರಬಿಡುವ ಕೊಳವೆಗಳು ಅಲ್ಲೇ ಇರುತ್ತವೆ.

ಸ್ಟಾರ್ ಲೇಬಲ್ ಇದ್ದರೆ ನಕ್ಷತ್ರ ಎಣಿಸಿ ಸುಮ್ಮನಾಗಬಾರದು. ಕರೆಂಟು ಉಳಿತಾಯಕ್ಕೆ ಸ್ಟಾರ್ ನಿಗದಿ ಮಾಡುವ ಕೇಂದ್ರ ಸರ್ಕಾರದ ಸಂಸ್ಥೆ ಬಿಇಇಯವರು ಮಾನದಂಡವನ್ನು ಆಗಾಗ ಬಿಗಿ ಮಾಡುತ್ತಾರೆ, ಹಾಗಾಗಿ 2014ರ ಐದು ಸ್ಟಾರ್ ಇವತ್ತಿನ ಐದು ಸ್ಟಾರ್‌ಗೆ ಸಮವಲ್ಲ. ವರ್ಷಕ್ಕೆ ಎಷ್ಟು ಯೂನಿಟ್ ಎಂದು ಅದರಲ್ಲೇ ಬರೆದಿರುತ್ತದೆ, ಹೋಲಿಸಬೇಕಾದದ್ದು ಅದನ್ನು.

ಮಂಚ ಕೊಳ್ಳುವಾಗ ಮೊಬೈಲ್ ಟಾರ್ಚ್ ಹಿಡಿದು ಪಟ್ಟಿಗಳು ಸೇರುವ ಸಂದು, ಸ್ಕ್ರೂ ತೂತು ನೋಡಿ. ಕಪ್ಪು ಚುಕ್ಕೆಗಳಿದ್ದರೆ ತಿಗಣೆ ಇದೆ ಎಂಬ ಅನುಮಾನ ಬರಬೇಕು, ಎಷ್ಟು ಅಗ್ಗವಾದರೂ ಬೇಡ. ಬಳಸಿದ ಹಾಸಿಗೆಯನ್ನಂತೂ ನಾನು ಯಾರಿಂದಲೂ ತಂದಿಲ್ಲ. "ಸ್ಟೌ ಜೊತೆ ಸಿಲಿಂಡರ್ ಕೂಡ" ಎಂಬ ಜಾಹೀರಾತುಗಳೂ ಕಾಣುತ್ತವೆ. ಸ್ಟೌ ಕೊಳ್ಳಬಹುದು, ಸಿಲಿಂಡರ್ ಕೊಳ್ಳುವಂತಿಲ್ಲ. ಅದು ಗ್ಯಾಸ್ ಕಂಪನಿಯ ಸ್ವತ್ತು. ಬೇಡವಾದವರು ಏಜೆನ್ಸಿಗೆ ಹಿಂದಿರುಗಿಸಿ ಡೆಪಾಸಿಟ್ ವಾಪಸ್ ಪಡೆಯಬೇಕು.

ಸಾಗಿಸುವ ಖರ್ಚನ್ನು ಬೆಲೆ ಮಾತಾಡುವ ಮೊದಲೇ ವಿಚಾರಿಸಿಕೊಳ್ಳಿ. ಟಾಟಾ ಏಸ್ ಬಾಡಿಗೆ ಬೇರೆ, ಹತ್ತಿಸಿ ಇಳಿಸುವ ಕೂಲಿ ಬೇರೆ. ಎಷ್ಟನೇ ಮಹಡಿ, ಲಿಫ್ಟ್ ಇದೆಯಾ, ಗಾಡಿ ಬಾಗಿಲ ತನಕ ಬರುತ್ತದಾ ಎಂದು ಡ್ರೈವರ್‌ಗೆ ಫೋನಿನಲ್ಲೇ ಹೇಳಿಬಿಟ್ಟರೆ ಇಳಿಸುವಾಗ ಜಗಳವಿರುವುದಿಲ್ಲ. ಫ್ರಿಜ್ಜನ್ನು ಗಾಡಿಯಲ್ಲಿ ನೆಟ್ಟಗೆ ನಿಲ್ಲಿಸಿ ಹಗ್ಗ ಬಿಗಿಯಿರಿ. ಮಲಗಿಸಿ ತಂದಿದ್ದರೆ ಕಂಪ್ರೆಸರಿನ ಎಣ್ಣೆ ಕೊಳವೆಗಳಿಂದ ಇಳಿದು ಬರುವಂತೆ ಕೆಲವು ಗಂಟೆ ನೆಟ್ಟಗೆ ನಿಲ್ಲಿಸಿ, ಆಮೇಲಷ್ಟೇ ಸ್ವಿಚ್ ಹಾಕಿ.