ಹಳೆ ಸೀರೆ ಸೆರಗಿನ ಫ್ರೇಮಿಗೆ ಬೂಷ್ಟು ಹಿಡಿಯದಂತೆ
ಅಜ್ಜಿಯ ಸೀರೆ ಸೆರಗು, ಹಳೆ ಮದುವೆ ಫೋಟೋ ಏನೇ ತೂಗುಹಾಕಿದರೂ ಫ್ರೇಮಿನ ಹಿಂದೆ, ಕೆಳಗಿನ ಎರಡು ಮೂಲೆಗೆ ಸವೆದ ಹವಾಯಿ ಚಪ್ಪಲಿಯ ರಬ್ಬರ್ ಚೂರು ಅಂಟಿಸಿ. ಅರ್ಧ ಇಂಚು ದಪ್ಪ ಸಾಕು. ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ಕೆಂಪುಕಲ್ಲಿನ ಗೋಡೆ ನೀರಿನ ಪಸೆ ಹೀರಿಕೊಳ್ಳುತ್ತದೆ. ಫ್ರೇಮ್ ಗೋಡೆಗೆ ಒತ್ತಿ ಕೂರದಿದ್ದರೆ ಹಿಂದೆ ಗಾಳಿಯಾಡುತ್ತದೆ, ಬೂಷ್ಟು ಕಡಿಮೆ. ಸೆರಗಿಗೆ ಗಮ್ ಬೇಡವೇ ಬೇಡ, ಹತ್ತಿ ಬಟ್ಟೆಯ ಮೇಲಿಟ್ಟು ಸಡಿಲವಾಗಿ ಹೊಲಿಯಿರಿ. ಗಾಜು ಜರಿಗೆ ತಾಗದಂತೆ ಸುತ್ತ ದಪ್ಪ ರಟ್ಟಿನ ಪಟ್ಟಿಯೂ ಬೇಕು. ಅಂಗಡಿಯವರು ಅವಸರದಲ್ಲಿ ಸುಮ್ನೆ ಒತ್ತಿ ಕೂರಿಸಿಬಿಡುತ್ತಾರೆ, ಎದುರು ನಿಂತೇ ಮಾಡಿಸಿ. ಪಡುದಿಕ್ಕಿನ ಮಳೆ ನೇರ ಹೊಡೆಯುವ ಗೋಡೆಗೆ, ಸೋರುವ ಗೋಡೆಗೆ ಮಾತ್ರ ಇದು ನಡೆಯುವುದಿಲ್ಲ. ಅಲ್ಲಿಂದ ಇಳಿಸಿ ಒಳಕೋಣೆಯ ನಡುಗೋಡೆಗೆ ಹಾಕಿ, ಬಿಸಿಲು ಬೀಳದ ಕಡೆ.