ತಾರಸಿ ತೋಟ: ಜಾಸ್ತಿ ಮಾಡಿ ಕೆಡಿಸಿದ ಕಥೆ

ನಮ್ಮದು ಮೈಸೂರಿನಲ್ಲಿ 30-40 ಸೈಟಿನ ಮನೆ. ನೆಲದ ಮಣ್ಣು ಅಂತ ಉಳಿದಿರುವುದು ಗೇಟಿನ ಪಕ್ಕದ ಎರಡಡಿ ಪಟ್ಟಿ ಮಾತ್ರ. ಅಲ್ಲಿ ಅತ್ತೆಯ ದುಂಡು ಮಲ್ಲಿಗೆ, ಒಂದು ಕರಿಬೇವು, ಒಂದು ದಾಸವಾಳ. ನನ್ನ ತೋಟವೆಲ್ಲ ತಾರಸಿ ಮೇಲೆ. 2020ರ ಲಾಕ್‌ಡೌನ್‌ನಲ್ಲಿ ನಾಲ್ಕು ಪೇಂಟ್ ಬಕೆಟ್‌ಗಳಿಂದ ಶುರುವಾಗಿದ್ದು ಈಗ ಮೂವತ್ತು ದಾಟಿದೆ. ಇಷ್ಟು ವರ್ಷದಲ್ಲಿ ನನ್ನ ಕೈಯಲ್ಲಿ ಸತ್ತ ಗಿಡಗಳ ಲೆಕ್ಕ ಹಾಕಿದರೆ, ಏನೋ ಕಮ್ಮಿಯಾಗಿ ಸತ್ತಿದ್ದಕ್ಕಿಂತ ಜಾಸ್ತಿಯಾಗಿ ಸತ್ತಿದ್ದೇ ಹೆಚ್ಚು. ನೀರು ಜಾಸ್ತಿ, ಗೊಬ್ಬರ ಜಾಸ್ತಿ, ಔಷಧಿ ಜಾಸ್ತಿ. ಕೊನೆಗೆ ಬೆಳಕೂ ಜಾಸ್ತಿ ಆಯಿತು, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲ ಬೆಳೆ ಮೆಂತ್ಯ ಸೊಪ್ಪು. ಅಡುಗೆಮನೆ ಡಬ್ಬದಿಂದ ಒಂದು ಹಿಡಿ ಕಾಳು ತೆಗೆದು ಹಳೇ ಟಬ್‌ಗೆ ಚೆಲ್ಲಿದೆ. ಮೂರನೇ ದಿನಕ್ಕೆ ಮೊಳಕೆ, ವಾರಕ್ಕೆ ಹಸಿರು ಚಾಪೆ ಹಾಸಿದ ಹಾಗೆ. ಫೋಟೋ ತೆಗೆದು ಸಂಬಂಧಿಕರಿಗೆಲ್ಲ ಕಳಿಸಿದೆ. ಹತ್ತನೇ ದಿನ ನೋಡಿದರೆ ನಡುವಿನ ಸಸಿಗಳೆಲ್ಲ ಬುಡದಲ್ಲಿ ಕೊಳೆತು ಮಲಗಿದ್ದವು. ಒತ್ತೊತ್ತಾಗಿ ಬಿತ್ತಿ, ಎರಡು ಹೊತ್ತೂ ನೀರು ಸುರಿದರೆ ಇನ್ನೇನಾಗುತ್ತೆ? ಅತ್ತ 'ಸೂಪರ್ ಕಣೇ' ಅಂತ ಮೆಸೇಜುಗಳು ಬರುತ್ತಲೇ ಇದ್ದವು, ಇತ್ತ ನಾನು ಟಬ್ ಖಾಲಿ ಮಾಡುತ್ತಿದ್ದೆ.

ಅದೇ ನೀರು ಮನೆಯೊಳಗೂ ಇಳಿಯಿತು. ಬಕೆಟ್‌ಗಳನ್ನು ನೇರವಾಗಿ ತಾರಸಿ ಮೇಲೆ ಇಟ್ಟಿದ್ದೆ. ಮಳೆಗಾಲ ಮುಗಿಯುವಷ್ಟರಲ್ಲಿ ಮಲಗುವ ಕೋಣೆಯ ಚಾವಣಿಯಲ್ಲಿ ತೇವದ ಕಲೆ. "ತೋಟ ಬೇಕಾ, ಮನೆ ಬೇಕಾ, ಒಂದು ಹೇಳಿಬಿಡು" ಅಂದರು ನಮ್ಮನೆಯವರು. ಎರಡೂ ಬೇಕು ಅಂದೆ. ಆ ಬೇಸಿಗೆಯಲ್ಲಿ ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿ, ಬಕೆಟ್‌ಗಳನ್ನೆಲ್ಲ ಇಟ್ಟಿಗೆ ಮೇಲೆ ಕೂರಿಸಿದೆ, ಕೆಳಗೆ ಗಾಳಿ ಆಡಲಿ ಅಂತ. ಬಕೆಟ್‌ಗೆ ತೂತು ಬರೀ ತಳದಲ್ಲಿ ಮಾಡಿದರೆ ಬೇರು ಬಂದು ಮುಚ್ಚಿಕೊಳ್ಳುತ್ತೆ. ತಳದಿಂದ ಒಂದಿಂಚು ಮೇಲೆ, ಪಕ್ಕದಲ್ಲೂ ನಾಲ್ಕು ತೂತು ಇರಬೇಕು. ಈಗ ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ, ಒಣಗಿದ್ದರೆ ಮಾತ್ರ ನೀರು. ಮಣ್ಣೂ ಅಷ್ಟೇ. ಮೊದಲ ವರ್ಷ ಬರೀ ಕೆಂಪು ಮಣ್ಣು ತುಂಬಿದ್ದೆ, ಒಣಗಿದಾಗ ಇಟ್ಟಿಗೆ ಥರ ಗಟ್ಟಿಯಾಗಿತ್ತು. ಈಗ ಎರಡು ಪಾಲು ಮಣ್ಣು, ಒಂದು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ.

ಟೊಮ್ಯಾಟೊ ಕಥೆ ಬೇರೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಬೀಜ ತರಿಸಿದ್ದೆ. ಎಲೆ ಮುರುಟು, ಸೊರಗು ರೋಗ ಸೇರಿ ಮೂರು ರೋಗ ತಡೆಯುವ ತಳಿ ಅದು. ರೋಗವೇನೋ ಬರಲಿಲ್ಲ. ಆದರೆ ನನ್ನ ಕಡಲೆಕಾಯಿ ಹಿಂಡಿ ಬಂತು. ಹಿಂಡಿಯನ್ನು ನಾಲ್ಕು ದಿನ ನೆನೆಹಾಕಿ, ಆ ನೀರಿಗೆ ಹತ್ತು ಪಟ್ಟು ನೀರು ಬೆರೆಸಿ ಹಾಕುವುದು ಒಳ್ಳೇ ಅಭ್ಯಾಸವೇ. ತಿಂಗಳಿಗೊಮ್ಮೆ ಹಾಕಿದ್ದರೆ ಸಾಕಿತ್ತು, ನಾನು ವಾರವಾರ ಸುರಿದೆ. ಗಿಡ ಎದೆಯೆತ್ತರ ಬೆಳೆದು ಎಲೆ ಕಡು ಹಸಿರಾಯಿತು. ನೋಡಿದವರೆಲ್ಲ ಹೊಗಳಿದರು. ಹೂವು ಮಾತ್ರ ಬೆರಳೆಣಿಕೆಯಷ್ಟು, ಕಾಯಿ ಎರಡೇ ಎರಡು. ಹಿಂಡಿಯಲ್ಲಿರುವುದು ಮುಖ್ಯವಾಗಿ ಸಾರಜನಕ, ಅದು ಎಲೆ ಬೆಳೆಸುತ್ತೆ. ಹಿಂಡಿ ನೆನೆಹಾಕಿದ ಬಕೆಟ್ ಮುಚ್ಚಳ ತೆಗೆದಾಗಲೆಲ್ಲ ಪಕ್ಕದ ಮನೆ ಆಂಟಿ "ಎಲ್ಲೋ ಇಲಿ ಸತ್ತಿರಬೇಕು, ನೋಡಿಸಮ್ಮ" ಅನ್ನುತ್ತಿದ್ದರು. ಹೌದು ಆಂಟಿ, ನೋಡಿಸುತ್ತೀನಿ ಅಂದು ಸುಮ್ಮನಾಗುತ್ತಿದ್ದೆ.

ಮುಂದಿನ ಸಲ ಹಿಂಡಿ ಕಡಿಮೆ ಮಾಡಿದೆ, ಕಾಯಿ ಬಂತು, ಅಳಿಲೂ ಬಂತು. ಅದಕ್ಕೆ ಪೂರ್ತಿ ಮಾಗಿದ ಹಣ್ಣೇ ಬೇಕು, ಅದೂ ಅರ್ಧ ತಿಂದು ಬಿಡುತ್ತೆ. ಈಗ ತುದಿಯಲ್ಲಿ ಬಣ್ಣ ತಿರುಗಿದ ತಕ್ಷಣ ದೋರೆಗಾಯಿ ಕಿತ್ತು ಅಡುಗೆಮನೆ ಬುಟ್ಟಿಯಲ್ಲಿ ಹಣ್ಣು ಮಾಡುತ್ತೇನೆ. ಅಳಿಲಿಗೆ ಕೋಪ ಬಂದಿರಬೇಕು, ಈಗ ಬದನೆ ಹೂವು ಕಚ್ಚುತ್ತಿದೆ.

ಹೀರೆ ಬಳ್ಳಿಯದು ನನಗೆ ತುಂಬಾ ದಿನ ಅರ್ಥವೇ ಆಗಲಿಲ್ಲ. ಚಪ್ಪರ ತುಂಬ ಹಬ್ಬಿತ್ತು. ಬೆರಳಷ್ಟು ಹೀಚು ಕಾಯಿಗಳು ಕಾಣುತ್ತಿದ್ದವು, ನಾಲ್ಕೇ ದಿನಕ್ಕೆ ಹಳದಿಯಾಗಿ ಉದುರುತ್ತಿದ್ದವು. ಗೊಬ್ಬರ ಹಾಕಿದೆ, ಬೂದಿ ಹಾಕಿದೆ. ಪರಾಗ ಸೇರುತ್ತಿಲ್ಲ, ಕೈಯಲ್ಲೇ ಮುಟ್ಟಿಸು ಅಂತ ಗೆಳತಿ ಹೇಳಿದಳು. ಭಾನುವಾರ ತಿಂಡಿ ಮುಗಿಸಿ ಹತ್ತು ಗಂಟೆಗೆ ಬ್ರಷ್ ಹಿಡಿದು ಹೋದರೆ ಹೂವೆಲ್ಲ ಮುದುಡಿ ಜೋತು ಬಿದ್ದಿದ್ದವು. ಕುಂಬಳದ ಹೂವು ಬೆಳಗಿನ ಜಾವ ಅರಳಿದರೆ ಹೀರೆ ಹೂವು ಅರಳುವುದು ಸಂಜೆ. ಇಷ್ಟು ವರ್ಷ ಹೀರೆಕಾಯಿ ಸಿಪ್ಪೆ ಚಟ್ನಿ ಮಾಡಿಕೊಂಡು ಬಂದವಳಿಗೆ ಅದರ ಹೂವು ಯಾವ ಹೊತ್ತಿಗೆ ಅರಳುತ್ತೆ ಅಂತ ಗೊತ್ತಿರಲಿಲ್ಲ!

ಆಮೇಲೆ ಆಫೀಸಿನಿಂದ ಬಂದು ಕಾಫಿ ಲೋಟ ಹಿಡಿದು ಆರು ಗಂಟೆಗೆ ಮೇಲೆ ಹೋಗತೊಡಗಿದೆ. ಗಂಡು ಹೂವು ಗೊಂಚಲಲ್ಲಿರುತ್ತೆ, ದಿನಾ ಒಂದೋ ಎರಡೋ ಅರಳುತ್ತೆ. ಹೆಣ್ಣು ಹೂವು ಒಂಟಿ, ಅದರ ಬುಡದಲ್ಲೇ ಗೀರುಗೀರಾದ ಪುಟ್ಟ ಕಾಯಿ. ಗಂಡು ಹೂವನ್ನು ಕಿತ್ತು, ಎಸಳನ್ನು ಹಿಂದಕ್ಕೆ ಮಡಚಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ಅಂಟಂಟು ತುದಿಗೆ ಮೆಲ್ಲಗೆ ಒತ್ತಬೇಕು, ಉಜ್ಜಬಾರದು. ಬ್ರಷ್ ಏನೂ ಬೇಡ. ಎರಡು ಮೂರು ದಿನದಲ್ಲಿ ಹೀಚು ಹಸಿರಾಗಿಯೇ ಇದ್ದು ದಪ್ಪ ಆಗಿ ಕೆಳಗೆ ತೂಗತೊಡಗಿದರೆ ಕಚ್ಚಿದೆ ಅಂತ ಅರ್ಥ. ಮೊದಲ ಸಂಜೆ ಐದು ಹೂವಿಗೆ ಮಾಡಿದ್ದರಲ್ಲಿ ಮೂರು ನಿಂತವು. ವಾರ, ಹತ್ತು ದಿನಕ್ಕೆ ಕೀಳುವಷ್ಟಾಯಿತು. ಒಂದನ್ನು ಎಲೆ ಮರೆಯಲ್ಲಿ ನೋಡದೇ ಬಿಟ್ಟಿದ್ದೆ. ಅದು ನಾರಾಗಿ ಈಗ ಪಾತ್ರೆ ಉಜ್ಜಲು ಸಿಂಕಿನ ಹತ್ತಿರ ಇದೆ.

ದಾಸವಾಳಕ್ಕೆ ಹಿಟ್ಟು ತಿಗಣೆ ಹತ್ತಿದಾಗ ಬೇವಿನ ಎಣ್ಣೆಗೆ ಪಾತ್ರೆ ತೊಳೆಯುವ ಸೋಪು ಧಾರಾಳವಾಗಿ ಸೇರಿಸಿ, ಮಟಮಟ ಮಧ್ಯಾಹ್ನ ಹೊಡೆದೆ. ತಿಗಣೆ ಜೊತೆ ಎಲೆಯೂ ಸುಟ್ಟಿತು. ಲೀಟರ್ ನೀರಿಗೆ 5 ಎಂಎಲ್ ಎಣ್ಣೆ, ಕೆಲವೇ ಹನಿ ಸೋಪು, ಅದೂ ಬಿಸಿಲು ಇಳಿದ ಮೇಲೆ. ಇದಕ್ಕಿಂತ ಜಾಸ್ತಿ ಹೇಳುವುದಕ್ಕೆ ಏನಿಲ್ಲ.

ಇನ್ನು ಅತ್ತೆಯ ಮಲ್ಲಿಗೆ. ಡಿಸೆಂಬರ್ ಬಂದರೆ ಅವರು ನೀರು ನಿಲ್ಲಿಸುತ್ತಾರೆ, ಎಲೆ ಬಾಡುತ್ತೆ. ಆಮೇಲೆ ಕತ್ತರಿ ಹಿಡಿದು ಮೊಣಕಾಲೆತ್ತರಕ್ಕೆ ಸವರಿಬಿಡುತ್ತಾರೆ. ನನಗೆ ಹೊಟ್ಟೆ ಉರಿಯುತ್ತಿತ್ತು. ಒಂದು ವರ್ಷ ಕತ್ತರಿ ಬಚ್ಚಿಟ್ಟು, ರಾತ್ರಿ ಕದ್ದು ಒಂದು ಚೊಂಬು ನೀರು ಹಾಕುತ್ತಿದ್ದೆ. ಆ ಯುಗಾದಿಗೆ ಗಿಡ ಸೊಂಪಾಗಿ ಹಸಿರಾಗಿತ್ತು, ದೇವರಿಗೆ ಒಂದು ಬೊಗಸೆ ಹೂವೂ ಸಿಗಲಿಲ್ಲ. ಅತ್ತೆ ಗಿಡದ ಬುಡ ನೋಡಿ, ನನ್ನ ಮುಖ ನೋಡಿ, "ಅದಕ್ಕೂ ಸ್ವಲ್ಪ ಬಾಯಾರ್ಲಿ ಬಿಡಮ್ಮ, ಆಗಲೇ ಹೂ ಬಿಡೋದು" ಅಂದರು. ಹಳೇ ಕೊಂಬೆ ಹೋಗಿ ಹೊಸ ಚಿಗುರು ಬಂದರೆ ತಾನೇ ಅದರ ತುದಿಯಲ್ಲಿ ಮೊಗ್ಗು? ಈಗ ಕತ್ತರಿ ನಾನೇ ತಂದು ಕೊಡುತ್ತೇನೆ.

ಬೆಳಕಿನ ವಿಷಯಕ್ಕೆ ಬರುತ್ತೇನೆ. ಒಂದು ದಸರೆಯಲ್ಲಿ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನ ನೋಡಿ ಬರುವಾಗ ಎರಡು ಸೇವಂತಿಗೆ ಕುಂಡ ತಂದೆ. ಹೂವು ಮುಗಿದ ಮೇಲೆ ಬುಡದಲ್ಲಿ ಎದ್ದ ಮರಿಗಳನ್ನು ಬಿಡಿಸಿ, ಮರುವರ್ಷ ಜೂನ್‌ನಲ್ಲಿ ಹನ್ನೆರಡು ಕುಂಡಕ್ಕೆ ನೆಟ್ಟೆ. ಎಂಟನ್ನು ಬೀದಿ ಕಡೆಯ ಗೋಡೆಯುದ್ದಕ್ಕೂ ಸಾಲಾಗಿ ಜೋಡಿಸಿದೆ. ಜಾಗ ಸಾಲದೆ ನಾಲ್ಕನ್ನು ನೀರಿನ ಟ್ಯಾಂಕಿನ ಹಿಂದೆ ತಳ್ಳಿದೆ. ಡಿಸೆಂಬರ್‌ನಲ್ಲಿ ಆ ನಾಲ್ಕೂ ಕುಂಡಗಳು ಮೈತುಂಬ ಹಳದಿ. ಸಾಲಿನಲ್ಲಿ ರಾಣಿಯರ ಥರ ನಿಂತಿದ್ದ ಎಂಟರಲ್ಲಿ ಒಂದು ಮೊಗ್ಗೂ ಇಲ್ಲ. ನಾನೇನು ಮಾಡಿದೆ ಹೇಳಿ? ಆ ಎಂಟಕ್ಕೆ ಇನ್ನಷ್ಟು ಗೊಬ್ಬರ ಹಾಕಿದೆ.

ಚಿಕ್ಕಬಳ್ಳಾಪುರದ ಕಡೆ ಹೂವು ಬೆಳೆಯುವ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದಾಗ ಅವನು ಗೊಬ್ಬರದ ಮಾತೇ ಎತ್ತಲಿಲ್ಲ. "ಅಕ್ಕ, ರಾತ್ರಿ ಒಂದ್ಸಲ ಮೇಲೆ ಹೋಗಿ ನೋಡಿ" ಅಂದ. ಹೋದೆ. ನಮ್ಮ ಬೀದಿಗೆ ಆ ವರ್ಷ ಹೊಸ ಎಲ್‌ಇಡಿ ದೀಪ ಬಂದಿತ್ತು. ಮೊದಲಿದ್ದ ಟ್ಯೂಬ್‌ಲೈಟ್ ಹತ್ತಿದ್ದೇ ಅಪರೂಪ. ಈಗ ಕಂಬದ ಬೆಳಕು ನೇರ ಆ ಎಂಟು ಕುಂಡಗಳ ನೆತ್ತಿ ಮೇಲೆ, ನಿಂತು ಪೇಪರ್ ಓದಬಹುದು. ಟ್ಯಾಂಕಿನ ಹಿಂದೆ ಕಗ್ಗತ್ತಲು. ಸೇವಂತಿಗೆಗೆ ಮೊಗ್ಗು ಕಟ್ಟಲು ಉದ್ದನೆಯ, ಮಧ್ಯೆ ಮುರಿಯದ ಕತ್ತಲು ಬೇಕು. ಅವರ ಕಡೆ ಹೊಲದಲ್ಲಿ ರಾತ್ರಿ ಬಲ್ಬ್ ಉರಿಸುವುದೂ ಇದಕ್ಕೇ, ಗಿಡ ಚಿಕ್ಕದಿದ್ದಾಗಲೇ ಹೂವು ಬಿಡದೆ ಮೊದಲು ಬೆಳೆಯಲಿ ಅಂತ. "ನಾವು ಕರೆಂಟ್ ಬಿಲ್ ಕಟ್ಟಿ ಮಾಡೋದನ್ನ ನೀವು ಪುಕ್ಕಟೆ ಮಾಡಿಸ್ಕೊಂಡಿದ್ದೀರಿ" ಅಂತ ನಕ್ಕ.

ಮರುವರ್ಷ ಟ್ಯಾಂಕಿನ ಹಿಂದೆ ಆರು ಕುಂಡ ಹಿಡಿಸಿದೆ. ಉಳಿದವಕ್ಕೆ ದೀಪದ ಕಡೆ ಹಳೇ ಕಪ್ಪು ಛತ್ರಿ ಕಟ್ಟಿದೆ. ಮೊಗ್ಗು ಬಂತು. ಆದರೆ ಒಂದು ರಾತ್ರಿ ಗಾಳಿಗೆ ಒಂದು ಛತ್ರಿ ಹಾರಿ ಬೀದಿಯಲ್ಲಿ ನಿಂತಿದ್ದ ಕಾರಿನ ಮೇಲೆ ಬಿತ್ತು. ಅಲ್ಲಿಗೆ ಛತ್ರಿ ಪ್ರಯೋಗ ನಿಂತಿತು.

ಕಳೆದ ಸಲ ಸೆಪ್ಟೆಂಬರ್ ಕೊನೆಯಲ್ಲಿ ಆ ದೀಪವೇ ಕೆಟ್ಟಿತು. ಬೀದಿಯವರಿಗೆಲ್ಲ ತೊಂದರೆ, ಒಪ್ಪುತ್ತೇನೆ. ಪಕ್ಕದ ಮನೆ ಅಂಕಲ್ ದೂರಿನ ಕಾಗದ ಬರೆದು ಸಹಿಗೆ ತಂದರು. "ಓದಿ ಕೊಡ್ತೀನಿ ಅಂಕಲ್" ಅಂತ ಇಸಿದುಕೊಂಡು ಫ್ರಿಜ್ ಮೇಲಿಟ್ಟೆ. ಎರಡು ಸಲ ಕೇಳಿದರು, ಎರಡು ಸಲವೂ ಕನ್ನಡಕ ಸಿಗುತ್ತಿಲ್ಲ ಅಂದೆ. ನವೆಂಬರ್‌ನಲ್ಲಿ ಬೀದಿ ಕಡೆಯ ಸಾಲಿನ ಮೊಗ್ಗುಗಳ ತುದಿಯಲ್ಲಿ ಹಳದಿ ಕಂಡಿತು. ಬಣ್ಣ ಬಂದ ಮೇಲೆ ದೀಪ ಹತ್ತಿದರೂ ಪರವಾಗಿಲ್ಲ. ಅವತ್ತೇ ಕಾಗದಕ್ಕೆ ಸಹಿ ಹಾಕಿ ಕೊಟ್ಟು ಬಂದೆ.